ಖಾಲಿ ಸೈಕಲ್ಲಿನ ಲೆಕ್ಕ ಹೇರಿದ ಸೈಕಲ್ಲಿಗೆ ಹೊಂದದು

ಮಳೆಗಾಲ ಮುಗಿದ ಮೇಲೆ ಸಾಮಾನು ಹೇರಿಕೊಂಡು ಘಟ್ಟ–ಕರಾವಳಿಯ ಕಡೆ ಹೊರಡಲಿರುವ ಸೈಕಲ್ ಬಳಗಗಳಿಗೆ ಒಂದು ಬಹಿರಂಗ ಪತ್ರ

ಭಾನುವಾರ ನಸುಕಿನಲ್ಲಿ ಊರು ಏಳುವ ಮೊದಲೇ ದೇವನಹಳ್ಳಿ ದಾಟಿ ನಂದಿಬೆಟ್ಟದ ಬುಡ ಸೇರುವವರು ನೀವು. ಹೋದ ವಾರಕ್ಕಿಂತ ಈ ವಾರ ಎಷ್ಟು ನಿಮಿಷ ಬೇಗ ಹತ್ತಿದಿರಿ ಎಂಬುದು ಫೋನಿನಲ್ಲಿ ದಾಖಲಾಗಿರುತ್ತದೆ. ನಿಮ್ಮಲ್ಲಿ ಕೆಲವರು 200, 300 ಕಿ.ಮೀ. ಬ್ರೆವೆಗಳನ್ನು (ಗೊತ್ತಾದ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿಗಳನ್ನು) ಮುಗಿಸಿದ್ದೀರಿ, ಒಬ್ಬಿಬ್ಬರು 600 ಕಿ.ಮೀ.ಯನ್ನು ಗೊತ್ತುಪಡಿಸಿದ 40 ಗಂಟೆಯೊಳಗೆ ತುಳಿದಿದ್ದೀರಿ. ಈಗ ಮಾತು ದೊಡ್ಡ ಪ್ರವಾಸದ ಕಡೆ ಹೊರಳಿದೆ. ಉದಾಹರಣೆಗೆ ಒಂದು ದಾರಿ ಹಿಡಿಯೋಣ: ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಟ್ಟ ಇಳಿದು ಉಡುಪಿ, ಅಲ್ಲಿಂದ ಸಮುದ್ರದ ಗುಂಟ ಕುಂದಾಪುರ, ಹೊನ್ನಾವರ, ಗೋಕರ್ಣ, ಕಾರವಾರ, ಮತ್ತೆ ಅಣಶಿ ಘಟ್ಟ ಹತ್ತಿ ದಾಂಡೇಲಿ, ಹುಬ್ಬಳ್ಳಿ. ಒಟ್ಟು 800 ಕಿ.ಮೀ.ಗೂ ತುಸು ಹೆಚ್ಚು. ಬಟ್ಟೆ, ಹಾಸಿಗೆ, ಟೆಂಟು, ಒಲೆ, ಸಲಕರಣೆ ಎಲ್ಲ ಸೈಕಲ್ಲಿನ ಮೇಲೆಯೇ. ಇಂಥ ಯೋಜನೆ ಕಂಡರೆ ಸಂತೋಷವೇ ಆಗುತ್ತದೆ. ಒಂದು ಆತಂಕವೂ ಇದೆ, ಅದನ್ನು ಹೇಳಲೆಂದೇ ಈ ಪತ್ರ. ನಿಮ್ಮ ಸಿದ್ಧತೆಯೆಲ್ಲ ಖಾಲಿ ಸೈಕಲ್ಲಿನ ಮೇಲೆ ನಡೆಯುತ್ತಿದೆ, ಪ್ರವಾಸ ಮಾತ್ರ ಹೇರಿದ ಸೈಕಲ್ಲಿನ ಮೇಲೆ. ಇವೆರಡೂ ಒಂದೇ ವಾಹನವಲ್ಲ ಎಂಬುದು ನನ್ನ ವಾದ. ಹೊರಡುವ ದಿನ ಹೊರುವ ಭಾರವನ್ನೇ ಎರಡು ತಿಂಗಳು ಮುಂಚಿನಿಂದ ಹೊತ್ತು ತುಳಿಯದಿದ್ದರೆ, ಉಳಿದ ಯಾವ ಸಿದ್ಧತೆಯೂ ಸಿದ್ಧತೆಯಲ್ಲ.

ಲೆಕ್ಕದಿಂದಲೇ ಶುರುಮಾಡೋಣ. ಸವಾರ 65 ಕೆ.ಜಿ., ಸೈಕಲ್ಲು, ನೀರು ಸೇರಿ 15 ಕೆ.ಜಿ., ಒಟ್ಟು 80 ಎಂದಿಟ್ಟುಕೊಳ್ಳಿ. ಪ್ರವಾಸದ ಸಾಮಾನು 20 ಕೆ.ಜಿ. ಸೇರಿಸಿದರೆ 100. ಏರು ಹತ್ತುವಾಗ ಗಾಳಿಯ ತಡೆ ಲೆಕ್ಕಕ್ಕಿಲ್ಲದಷ್ಟು ಸಣ್ಣದು, ಶ್ರಮವೆಲ್ಲ ಭಾರ ಎತ್ತುವುದಕ್ಕೇ ಹೋಗುತ್ತದೆ. ಆದ್ದರಿಂದ ನೂರಕ್ಕೆ ಆರರ ಏರಿನಲ್ಲಿ ಖಾಲಿ ಸೈಕಲ್ಲನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಿಸುವ ಕಾಲು, ಅಷ್ಟೇ ಶ್ರಮದಲ್ಲಿ ಹೇರಿದ ಸೈಕಲ್ಲನ್ನು 8 ಕಿ.ಮೀ. ವೇಗದಲ್ಲಿ ಮಾತ್ರ ಹತ್ತಿಸೀತು. ಎರಡು ಕಿ.ಮೀ. ಕಡಿಮೆಯಾದರೆ ಏನಾಯಿತು, ಅವಸರವೇನಿಲ್ಲವಲ್ಲ ಎಂದು ನೀವು ಕೇಳಬಹುದು. ಅವಸರವಿಲ್ಲ, ಸರಿ. ತೊಂದರೆ ಇರುವುದು ವೇಗದಲ್ಲಲ್ಲ, ಮಂಡಿಯಲ್ಲಿ. ನಿಮ್ಮಲ್ಲಿ ಹಲವರ ರೋಡ್ ಬೈಕುಗಳಲ್ಲಿ ಅತಿ ಹಗುರ ಗೇರೆಂದರೆ ಮುಂದೆ 34 ಹಲ್ಲು, ಹಿಂದೆ 28. ಈ ಗೇರಿನಲ್ಲಿ 10 ಕಿ.ಮೀ. ವೇಗಕ್ಕೆ ಪೆಡಲು ನಿಮಿಷಕ್ಕೆ 65 ಸುತ್ತು ತಿರುಗುತ್ತದೆ, 8 ಕಿ.ಮೀ.ಗೆ ಬಂದರೆ 52. ಶ್ರಮ ಅಷ್ಟೇ, ಸುತ್ತು ಮಾತ್ರ ಕಡಿಮೆ. ಅಂದರೆ ಒಂದೊಂದು ತುಳಿತಕ್ಕೂ ಕಾಲು ಭಾಗ ಹೆಚ್ಚು ಒತ್ತಬೇಕು. ಘಟ್ಟದ ತಿರುವಿನಲ್ಲಿ ಏರು ಇನ್ನಷ್ಟು ಕಡಿದಾಗಿ ವೇಗ ಐದೂವರೆಗೆ ಇಳಿದರೆ ಅದೇ ಗೇರಿನಲ್ಲಿ ಸುತ್ತು 36. ಅದು ತುಳಿಯುವುದಲ್ಲ, ಎದ್ದು ನಿಂತು ಒದೆಯುವುದು. ಅಷ್ಟು ನಿಧಾನದಲ್ಲಿ ಹೇರಿದ ಸೈಕಲ್ಲು ಓಲಾಡುತ್ತದೆ, ಅದನ್ನು ನೆಟ್ಟಗೆ ಹಿಡಿಯಲು ತೋಳು, ಸೊಂಟ ಎರಡೂ ದುಡಿಯಬೇಕು. ಮುಂದೆ 28, ಹಿಂದೆ 34 ಹಲ್ಲಿದ್ದರೆ ಅದೇ ತಿರುವಿನಲ್ಲಿ 52 ಸುತ್ತು ಸಿಗುತ್ತದೆ, ಮೌಂಟನ್ ಬೈಕಿನ 22–34 ಇದ್ದರೆ 66. ಹಾಗಾಗಿ ಪ್ರವಾಸಕ್ಕೆಂದು ಹಣ ಖರ್ಚು ಮಾಡುವುದಾದರೆ ಮೊದಲ ರೂಪಾಯಿ ಹಗುರ ಗೇರಿಗೆ ಹೋಗಲಿ. ಬೆಲೆಬಾಳುವ ಜೆರ್ಸಿ, ಹಗುರ ಫ್ರೇಮು ಆಮೇಲೆ.

ಬ್ರೆವೆ ಮುಗಿಸಿದವರಿಗೆ ಇದೆಲ್ಲ ಯಾಕೆ, ಒಂದೇ ಬಾರಿಗೆ 600 ಕಿ.ಮೀ. ತುಳಿದವರಿಗೆ ದಿನಕ್ಕೆ 80 ಕಿ.ಮೀ. ದೊಡ್ಡದೇ ಎಂಬುದು ಮೊದಲ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ರಾತ್ರಿಯಿಡೀ ತುಳಿಯುವ ಗಟ್ಟಿತನ, ನಿದ್ದೆಗೆಟ್ಟಾಗಲೂ ತಲೆ ಕೆಡಿಸಿಕೊಳ್ಳದ ಅಭ್ಯಾಸ, ದಾರಿಯಲ್ಲೇ ಪಂಕ್ಚರ್ ತೆಗೆಯುವ ಕೈ, ಇವೆಲ್ಲ ಪ್ರವಾಸಕ್ಕೂ ಬೇಕಾದುವೇ. ಆದರೆ ಬ್ರೆವೆ ಮುಗಿದ ಮೇಲೆ ಮಾರನೇ ದಿನ ಮನೆಯಲ್ಲಿ ಮಲಗಬಹುದು. ಪ್ರವಾಸದ ಪರೀಕ್ಷೆ ಇರುವುದೇ ಮಾರನೇ ಬೆಳಿಗ್ಗೆ, ಅದರ ಮಾರನೇ ಬೆಳಿಗ್ಗೆ, ಹೀಗೆ ಹತ್ತು ಬೆಳಿಗ್ಗೆ. ನಿನ್ನೆ ಸೀಟು ಉಜ್ಜಿ ಕೆಂಪಾದ ಚರ್ಮದ ಮೇಲೆಯೇ ಇವತ್ತೂ ಕೂರಬೇಕು. ಮಾಂಸಖಂಡ ಕೆಲವು ವಾರದಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತದೆ, ಮಂಡಿ ಹಿಮ್ಮಡಿಗಳ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ‘ಮೊದಲ ನಾಲ್ಕು ದಿನ ಕಷ್ಟವಾದೀತು, ಆಮೇಲೆ ದಾರಿಯೇ ತಯಾರು ಮಾಡುತ್ತದೆ’ ಎಂಬ ಮಾತನ್ನು ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ. ದಾರಿ ಮಾಂಸಖಂಡವನ್ನು ತಯಾರು ಮಾಡೀತು, ರಜ್ಜುವನ್ನು ಮಾಡದು. ಕಾಲಿನಲ್ಲಿ ಶಕ್ತಿ ಬಂದಿದೆ ಅನ್ನಿಸುವ ನಾಲ್ಕನೇ, ಐದನೇ ದಿನಕ್ಕೇ ಮಂಡಿ ಮುನಿಸಿಕೊಳ್ಳುವುದು. ಮಂಡಿಯ ಮುಂಭಾಗ ನೋವಾದರೆ ಸೀಟು ತಗ್ಗಿರುವ ಅಥವಾ ಗೇರು ಭಾರವಾಗಿರುವ ಸಾಧ್ಯತೆ ಹೆಚ್ಚು, ಹಿಂಭಾಗ ನೋವಾದರೆ ಸೀಟು ಎತ್ತರವಾಗಿರುವ ಸಾಧ್ಯತೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಪೆಡಲನ್ನು ಕೆಳಕ್ಕಿಳಿಸಿ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಉಬ್ಬನ್ನು ಪೆಡಲಿನ ಮೇಲಿಟ್ಟು ತುಳಿಯುವಾಗ ಮಂಡಿ ತುಸು ಬಾಗಿಯೇ ಇರುತ್ತದೆ. ಇದು ಒರಟು ಅಳತೆ, ಆದರೂ ಶುರು ಮಾಡಲು ಸಾಕು. ಅಲ್ಲಿಂದ ಮುಂದಿನ ಒಂದೆರಡು ಮಿಲಿಮೀಟರಿನ ತಿದ್ದುಪಡಿಗಳನ್ನು ಹೇರಿದ ಸೈಕಲ್ಲಿನ ಮೇಲೆ ಸತತ ಎರಡು ಮೂರು ದಿನ ತುಳಿದೇ ಕಂಡುಕೊಳ್ಳಬೇಕು.

ಎರಡನೇ ಆಕ್ಷೇಪ ನಮ್ಮ ಊರುಗಳಿಂದಲೇ ಏಳುತ್ತದೆ. ಹಾಲಿನವರು ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ದಿನಾ ಓಡಾಡಿದರಲ್ಲ, ತುಂಬಿದ ಗ್ಯಾಸ್ ಸಿಲಿಂಡರನ್ನು ಸೈಕಲ್ಲಿನಲ್ಲೇ ಮನೆಮನೆಗೆ ಒಯ್ದರಲ್ಲ, ಅವರಿಗೆ ಯಾವ ಗೇರಿತ್ತು, ಯಾವ ಅಭ್ಯಾಸವಿತ್ತು ಎಂದು. ತುಂಬಿದ ಸಿಲಿಂಡರ್ ಒಂದಕ್ಕೇ ಸುಮಾರು 30 ಕೆ.ಜಿ. ತೂಕ, ಅಂದರೆ ನಿಮ್ಮ ಪ್ರವಾಸದ ಹೊರೆಗಿಂತ ಹೆಚ್ಚು. ಆ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಸೈಕಲ್ಲನ್ನು ಹತ್ತಿರದಿಂದ ನೋಡಿ. ಹಿಂದಿನ ಚಕ್ರಕ್ಕೆ 40 ಸ್ಪೋಕ್ ಕಡ್ಡಿ, ಮುಂದಿನದಕ್ಕೆ 32. ಉಕ್ಕಿನ ರಿಮ್ಮು, ದಪ್ಪ ಟೈರು, ಆಕ್ಸಲ್ಲಿಗೇ ಬೋಲ್ಟು ಬಿಗಿದ ಕ್ಯಾರಿಯರ್, ಹೊರೆ ಹೇರುವಾಗ ಅಲುಗಾಡದೆ ನಿಲ್ಲುವ ಅಗಲ ಸ್ಟ್ಯಾಂಡು. ಅದು ಹೊರಲೆಂದೇ ಹುಟ್ಟಿದ ಸೈಕಲ್ಲು. ಅದನ್ನು ತುಳಿದವರು ಅದೇ ಹೊರೆಯನ್ನು ವರ್ಷಗಟ್ಟಲೆ, ದಿನವೂ, ಗೊತ್ತಿರುವ ದಾರಿಯಲ್ಲಿ ಹೊತ್ತವರು. ಏರು ಬಂದರೆ ಇಳಿದು ತಳ್ಳಿದವರು. ಹಾಗೆ ನೋಡಿದರೆ ಅವರು ನನ್ನ ವಾದದ ಕಡೆಯ ಸಾಕ್ಷಿಗಳು: ಹೊರೆಗೆ ತಕ್ಕ ಚಕ್ರ, ಹೊರೆಯ ಮೇಲೆಯೇ ಅಭ್ಯಾಸ. ಇಪ್ಪತ್ತೆಂಟೋ ಇಪ್ಪತ್ತನಾಲ್ಕೋ ಕಡ್ಡಿಯ ಹಗುರ ಚಕ್ರಕ್ಕೆ ಎರಡು ಚೀಲ ತೂಗುಹಾಕಿ ಹೊರಡುವವರು ಅವರ ಹೆಸರು ಹೇಳುವಂತಿಲ್ಲ.

ಈ ಕಡ್ಡಿಯ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೇರಿದ ಸೈಕಲ್ಲು ದಾರಿಯಲ್ಲಿ ಕೈಕೊಡುವುದು ಬಹಳ ಸಲ ಇಲ್ಲಿಯೇ. ಒಂದು ದೊಡ್ಡ ಗುಂಡಿಗೆ ಬಿದ್ದು ಕಡ್ಡಿ ಮುರಿಯುವುದು ಅಪರೂಪ. ಚಕ್ರ ಒಂದು ಸುತ್ತು ತಿರುಗುವಾಗ ನೆಲದ ಕಡೆ ಬರುವ ಕಡ್ಡಿ ಕ್ಷಣಮಾತ್ರ ಸಡಿಲಾಗಿ ಮತ್ತೆ ಬಿಗಿಯುತ್ತದೆ. 800 ಕಿ.ಮೀ.ಗೆ ಚಕ್ರ ಸುಮಾರು ಮೂರೂ ಮುಕ್ಕಾಲು ಲಕ್ಷ ಸುತ್ತು ಹಾಕುತ್ತದೆ, ಅಷ್ಟೂ ಸಲ ಪ್ರತಿ ಕಡ್ಡಿ ಸಡಿಲಾಗಿ ಬಿಗಿಯುತ್ತದೆ. ಭಾರ ಹೆಚ್ಚಾದಷ್ಟೂ, ಕಡ್ಡಿ ಮೊದಲೇ ಸಡಿಲವಿದ್ದಷ್ಟೂ ಈ ಏರಿಳಿತ ಜಾಸ್ತಿ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ತುಂಡು ಮಾಡುವಂತೆ, ಕೊನೆಗೆ ಹಬ್ಬಿನ ತೂತಿನಲ್ಲಿ ಬಾಗಿದ ಮೂಲೆಯಲ್ಲೇ ಅದು ತುಂಡಾಗುತ್ತದೆ. ಅದೂ ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಚೈನಿನ ಕಡೆ. ಆ ಕಡ್ಡಿ ಬದಲಿಸಬೇಕಾದರೆ ಹಲ್ಲುಚಕ್ರದ ಗೊಂಚಲನ್ನೇ ಬಿಚ್ಚಬೇಕು, ಬಿಚ್ಚುವ ವಿಶೇಷ ಟೂಲು ಸಣ್ಣ ಊರಿನ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಹೊರಡುವ ಮೊದಲು ಒಂದು ಕೆಲಸ ಮಾಡಿ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಒಂದೇ ಬದಿಯ ಕಡ್ಡಿಗಳನ್ನು ಒಂದಾದ ಮೇಲೊಂದು ಉಗುರಿನಿಂದ ಮೀಟುತ್ತಾ ಬನ್ನಿ. ತಂಬೂರಿಯ ತಂತಿಯಂತೆ ಅವೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ಟಿಣ್ ಎನ್ನಬೇಕು. ನಡುವೆ ಒಂದು ಟಪ್ ಎಂದು ಮಂಕಾಗಿ ಸದ್ದು ಮಾಡಿದರೆ ಅದು ಸಡಿಲವಿದೆ, ಅದರ ಪಾಲಿನ ಹೊರೆಯನ್ನು ಅಕ್ಕಪಕ್ಕದವು ಹೊರುತ್ತಿವೆ. ಹಿಂದಿನ ಚಕ್ರದಲ್ಲಿ ಚೈನಿನ ಕಡೆಯ ಶ್ರುತಿ ಎಡಬದಿಗಿಂತ ಮೇಲಿರುವುದು ಸಹಜ, ಎರಡೂ ಬದಿಯನ್ನು ಬೆರೆಸಿ ಹೋಲಿಸಬೇಡಿ. ಚಕ್ರದ ಬೆಂಡು ತೆಗೆಯುವುದರಲ್ಲಿ ಪಳಗಿದವರ ಹತ್ತಿರ ಎಲ್ಲ ಕಡ್ಡಿಗಳನ್ನೂ ಸಮನಾಗಿ ಬಿಗಿಸಿ, ಭಾರ ಹೇರಿ ನೂರಿನ್ನೂರು ಕಿ.ಮೀ. ತುಳಿದು, ಮತ್ತೊಮ್ಮೆ ತೋರಿಸಿ. ಈ ಎರಡನೇ ಭೇಟಿ ಮುಖ್ಯ. ಚಕ್ರ ಹೊರೆಗೆ ಕೂತುಕೊಂಡ ಮೇಲೆಯೇ ಎಲ್ಲಿ ಸಡಿಲಾಯಿತೆಂಬುದು ತಿಳಿಯುವುದು. ನಿಮ್ಮ ಚಕ್ರದ ಅಳತೆಯ ನಾಲ್ಕು ಕಡ್ಡಿಗಳನ್ನು ಫ್ರೇಮಿಗೇ ಟೇಪು ಸುತ್ತಿ ಕಟ್ಟಿಕೊಂಡು ಹೋಗಿ.

ಏರಿನ ಮಾತು ಎಲ್ಲರೂ ಆಡುತ್ತಾರೆ, ಇಳಿಜಾರಿನದು ಯಾರೂ ಆಡುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಕಡಿದಾದ ತಿರುವುಗಳಲ್ಲಿ ರಸ್ತೆ ಐನೂರು ಮೀಟರಿನಷ್ಟು ಕೆಳಗಿಳಿಯುತ್ತದೆ. 100 ಕೆ.ಜಿ. ಅಷ್ಟು ಎತ್ತರ ಇಳಿದಾಗ ಹೊರಬೀಳುವ ಶಕ್ತಿ ಸುಮಾರು 4,90,000 ಜೂಲ್, ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಬೇಕಾದಷ್ಟು ಶಾಖ. ವೇಗವಾಗಿ ಇಳಿದರೆ ಇದರ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ. ತಿರುವಿನ ಮೇಲೆ ತಿರುವು ಇರುವ ಘಟ್ಟದಲ್ಲಿ ಹಾಗೆ ಇಳಿಯುವಂತಿಲ್ಲ, ಆಗ ಶಾಖವೆಲ್ಲ ಬ್ರೇಕಿಗೆ. ರಿಮ್ಮನ್ನೇ ಹಿಡಿಯುವ ಬ್ರೇಕಾದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು, ಡಿಸ್ಕಾದರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳಬಹುದು. ಬ್ರೇಕನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಅದುಮಿ ಹಿಡಿಯುವ ಅಭ್ಯಾಸ ಬಿಡಬೇಕು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವು ಕಳೆದ ಮೇಲೆ ಬಿಟ್ಟು ಗಾಳಿಗೆ ತಣಿಯಲು ಕೊಡಿ, ನಾಲ್ಕೈದು ತಿರುವಿಗೊಮ್ಮೆ ರಸ್ತೆಯಾಚೆ ಜಾಗವಿರುವಲ್ಲಿ ನಿಲ್ಲಿ. ಹೊರೆ ಹೊತ್ತ ಸೈಕಲ್ಲು ಎಷ್ಟು ದೂರ ಓಡಿ ನಿಲ್ಲುತ್ತದೆ, ಎಡಕ್ಕೆ ವಾಲಿಸಿದಾಗ ಚೀಲ ಹೇಗೆ ಎಳೆಯುತ್ತದೆ, ಇವು ಓದಿ ತಿಳಿಯುವ ಸಂಗತಿಗಳಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ತಿರುವಿನಲ್ಲಿ, ಎದುರಿಗೆ ಬಸ್ಸು ಬರುತ್ತಿರುವಾಗ ಇದನ್ನು ಮೊದಲ ಸಲ ಕಲಿಯುವ ಪ್ರಸಂಗ ಯಾರಿಗೂ ಬರಬಾರದು. ನಂದಿಯ ಇಳಿಜಾರಿನಲ್ಲಿ, ನಿಧಾನವಾಗಿ, ಭಾರ ಹೇರಿಕೊಂಡು ಕಲಿತರೆ ಆಯಿತು.

ಭಾರ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಎಲ್ಲವನ್ನೂ ಹಿಂದಕ್ಕೇ ಹೇರಿದರೆ ಮುಂದಿನ ಚಕ್ರ ಹಗುರಾಗಿ ಏರಿನಲ್ಲಿ ಹ್ಯಾಂಡಲ್ಲು ಅಲೆಯುತ್ತದೆ, ಇಳಿಜಾರಿನಲ್ಲಿ ಇಡೀ ಸೈಕಲ್ಲು ನಡುಗಬಹುದು. ತೂಕದ ವಸ್ತು ಚೀಲದ ತಳದಲ್ಲಿ, ಆಕ್ಸಲ್ಲಿಗೆ ಹತ್ತಿರ ಇರಲಿ. ಎಡ–ಬಲ ಚೀಲಗಳನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ಸಮ ಮಾಡಿ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೋಗುತ್ತೇನೆ ಎನ್ನುವವರಿಗೆ ಒಂದೇ ಮಾತು: ಬೇಡ. ಕ್ಯಾರಿಯರಿನ ಬೋಲ್ಟುಗಳು ಅದುರಿ ಅದುರಿ ಸಡಿಲಾಗುತ್ತವೆ, ಪ್ರತಿ ಬೆಳಿಗ್ಗೆ ಪಾನಾ ಹಾಕಿ ನೋಡುವುದನ್ನು ಹಲ್ಲುಜ್ಜುವಷ್ಟು ಸಹಜ ಮಾಡಿಕೊಳ್ಳಿ.

‘ಇಷ್ಟೆಲ್ಲ ಹೊರುವುದೇ ಯಾಕೆ, ಹಗುರವಾಗಿ ಹೋದರೆ ಈ ರಗಳೆಯೇ ಇಲ್ಲ’ ಎಂಬ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಅರ್ಧ ನಾನೂ ಒಪ್ಪುತ್ತೇನೆ. ಉಡುಪಿಯಿಂದ ಕಾರವಾರದವರೆಗೆ ತುಳಿಯುವವರಿಗೆ ಊಟಕ್ಕೆ ಹೋಟೆಲು, ಮಲಗಲು ಲಾಡ್ಜು ಸಿಗದ ದಿನವಿಲ್ಲ, ಆ ದಾರಿಗೆ ಟೆಂಟು, ಒಲೆ ಬೇಕಾಗಿಲ್ಲ. ದೋಣಿಯಲ್ಲಿ ಅಘನಾಶಿನಿ ನದಿ ದಾಟಿ ತದಡಿ ಸೇರುವಾಗ ಸೈಕಲ್ಲನ್ನು ಎತ್ತಿ ಇಡಬೇಕಾದವರಿಗೆ ಪ್ರತಿ ಕೆ.ಜಿ.ಯ ಅರ್ಥ ಗೊತ್ತಾಗುತ್ತದೆ. ಆದರೆ ಏನು ಬೇಡ ಎಂಬುದು ಗೊತ್ತಾಗುವುದು ಹೇಗೆ? ಎಲ್ಲ ಹೇರಿಕೊಂಡು ಎರಡು ರಾತ್ರಿ ಹೊರಗಿದ್ದು ಬಂದರೆ ಮಾತ್ರ. ಮನೆಗೆ ಬಂದ ದಿನವೇ ಚೀಲವನ್ನು ಚಾಪೆಯ ಮೇಲೆ ಸುರಿದು, ಮುಟ್ಟದ ವಸ್ತುಗಳನ್ನು ಬೇರೆ ಮಾಡಿ. ಮಳೆ ಕೋಟು, ಪ್ರಥಮ ಚಿಕಿತ್ಸೆಯ ಡಬ್ಬ, ಚೈನು ಬಿಚ್ಚುವ ಟೂಲು, ಇವು ಮುಟ್ಟದಿದ್ದರೂ ಬರಬೇಕಾದುವು. ಮೂರನೇ ಜೊತೆ ಬಟ್ಟೆ, ಎರಡನೇ ಪುಸ್ತಕ, ದಪ್ಪ ಟವೆಲು ಮನೆಯಲ್ಲಿರಲಿ. ಹಗುರವಾಗುವುದೂ ಹೇರಿ ನೋಡಿದ ಮೇಲೆ ಬರುವ ವಿವೇಕ. ಇನ್ನು ಹಿಂದೆ ಜೀಪು ಬರುತ್ತದೆ, ಸಾಮಾನು ಅದರಲ್ಲಿ ಎನ್ನುವವರದು ಬೇರೆ ಬಗೆಯ ಪ್ರವಾಸ. ಅದರಲ್ಲಿ ತಪ್ಪೇನಿಲ್ಲ, ಈ ಪತ್ರ ಅವರಿಗಲ್ಲ.

ಗೇರನ್ನೇ ಕಳಚಿಟ್ಟು ಬಂದವರೂ ಇದ್ದಾರಲ್ಲ ಎಂದು ಓದಿಕೊಂಡವರು ಕೇಳಬಹುದು. 1963ರಲ್ಲಿ ಐರ್ಲೆಂಡಿನಿಂದ ಭಾರತದವರೆಗೆ ಒಬ್ಬರೇ ಸೈಕಲ್ ತುಳಿದ ಡರ್ವ್ಲಾ ಮರ್ಫಿ ಹೊರಡುವ ಮೊದಲು ತಮ್ಮ ಸೈಕಲ್ಲಿನ ಮೂರು ಗೇರುಗಳ ವ್ಯವಸ್ಥೆಯನ್ನು ತೆಗೆಸಿಹಾಕಿದ್ದು ನಿಜ. ಏಷ್ಯಾದ ರಸ್ತೆಗಳಿಗೆ ಅದು ತಡೆಯಲಾರದು ಎಂಬುದು ಅವರ ತೀರ್ಮಾನ. ಆದರೆ ಅವರು ಹತ್ತನೇ ವಯಸ್ಸಿನಿಂದ ಸೈಕಲ್ ತುಳಿದವರು, ಭಾರತದ ಸವಾರಿಗೂ ಮೊದಲು ಯುರೋಪಿನಲ್ಲಿ ದೀರ್ಘ ಪ್ರವಾಸಗಳನ್ನು ಮಾಡಿದವರು, ದಾರಿಯ ಊರುಗಳಿಗೆ ಟೈರುಗಳನ್ನು ಮುಂಚಿತವಾಗಿಯೇ ಕಳುಹಿಸಿಟ್ಟವರು. ಅವರಿಂದ ಕಲಿಯಬೇಕಾದ್ದು ಗೇರು ಬೇಡವೆಂಬುದನ್ನಲ್ಲ, ದಾರಿಯಲ್ಲಿ ಏನು ಸಿಗುತ್ತದೆ ಏನು ಸಿಗದು ಎಂದು ಮೊದಲೇ ಯೋಚಿಸಿದ ರೀತಿಯನ್ನು. ನಮ್ಮ ಸಣ್ಣ ಊರುಗಳ ಸೈಕಲ್ ಷಾಪಿನಲ್ಲಿ ಸುಲಭವಾಗಿ ಸಿಗುವ 28 ಇಂಚಿನ ಟೈರು ಹಳೆಯ ಸೈಕಲ್ಲುಗಳದು, ನಿಮ್ಮ 700ಸಿ ರಿಮ್ಮಿಗೆ ಅದು ಕೂರುವುದಿಲ್ಲ, ಸುತ್ತಳತೆಯೇ ಬೇರೆ. ತೆಳು ಪ್ರೆಸ್ಟಾ ವಾಲ್ವಿಗೆ ಅಲ್ಲಿನ ಪಂಪು ಹೊಂದುವುದಿಲ್ಲ, ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಬಳಗದವರೆಲ್ಲ ಒಂದೇ ಅಳತೆಯ ಟೈರು ಇಟ್ಟುಕೊಂಡರೆ ಮಡಚುವ ಟೈರು ಒಂದೇ ಎಲ್ಲರಿಗೂ ಸಾಕು. ಟೂಲುಗಳನ್ನು ಮಾತ್ರ ಒಬ್ಬರ ಚೀಲದಲ್ಲೇ ತುಂಬಬೇಡಿ, ಅವರು ಹತ್ತು ಕಿ.ಮೀ. ಮುಂದಿರುವಾಗಲೇ ಹಿಂದಿನವರ ಚೈನು ಕಳಚೀತು.

ಕರಾವಳಿಯ ಸೆಕೆಯ ಬಗ್ಗೆ ಬಯಲುಸೀಮೆಯವರಿಗೆ ಒಂದು ಎಚ್ಚರಿಕೆ. ಅಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಉಪ್ಪು ಮಾತ್ರ ಹೋಗುತ್ತಲೇ ಇರುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಪೂರ್ತಿಯಾಗಿ ಕಲಸಿ. ಅರ್ಧ ಪೊಟ್ಟಣ, ಅರ್ಧ ಬಾಟಲಿ ಎಂದು ಅಂದಾಜು ಮಾಡುವುದು ಸಲ್ಲದು. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ದಿನದ ಬಹುಪಾಲು ಮುಗಿಸುವಂತೆ ದಾರಿ ಹಂಚಿಕೊಳ್ಳಿ. ಹೆದ್ದಾರಿ 66ರಲ್ಲಿ ಲಾರಿ ಪಕ್ಕದಲ್ಲೇ ಹಾದಾಗ ಮೊದಲು ಗಾಳಿ ತಳ್ಳುತ್ತದೆ, ಮರುಕ್ಷಣ ಎಳೆಯುತ್ತದೆ. ಚೀಲಗಳಿರುವ ಸೈಕಲ್ಲು ಆ ಎಳೆತಕ್ಕೆ ಹೆಚ್ಚು ಸಿಗುತ್ತದೆ. ಬಲಗಡೆ ಕನ್ನಡಿ ಇರಲಿ.

ಬಳಗಗಳನ್ನು ಮುನ್ನಡೆಸುವ ಹಿರಿಯರಲ್ಲಿ ಒಂದು ವಿನಂತಿ. ಯಾವ ದಿನ ಯಾವ ಊರು ಎಂಬ ಪಟ್ಟಿಯನ್ನು ಭಾನುವಾರದ ಸರಾಸರಿ ವೇಗ ನೋಡಿ ಬರೆಯಬೇಡಿ. ಹೇರಿದ ಸೈಕಲ್ಲಿನ ಮೇಲೆ ನಿಮ್ಮಲ್ಲಿ ಅತಿ ನಿಧಾನದವರು ಎರಡನೇ ದಿನ ಎಷ್ಟು ಸಾಗಿದರು ಎಂಬುದನ್ನು ನೋಡಿ ಬರೆಯಿರಿ. ಅಣಶಿ ಹತ್ತುವ ದಿನಕ್ಕೆ ಉಳಿದ ದಿನಗಳ ಅರ್ಧ ದೂರ ಸಾಕು. ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂದು ಯಾರಾದರೂ ಕೇಳಿದರೆ, ಹೊಸ ಸಮಯ ಬೇಕಿಲ್ಲ ಎಂದು ಹೇಳಿ. ಬರುವ ಭಾನುವಾರ ಹೇಗೂ ನಂದಿಗೆ ಹೋಗುತ್ತೀರಿ. ಎರಡೂ ಚೀಲಗಳಿಗೆ ಲೀಟರಿನ ಐದೈದು ಬಾಟಲಿ ನೀರು ತುಂಬಿ, ಹತ್ತು ಕೆ.ಜಿ. ಆಯಿತು. ಮಂಡಿ ನೋಯತೊಡಗಿದರೆ ಅಲ್ಲೇ ಗಿಡದ ಬುಡಕ್ಕೆ ಒಂದೊಂದೇ ಬಾಟಲಿ ಸುರಿದು ಹಗುರ ಮಾಡಿಕೊಳ್ಳಬಹುದು. ಅದರ ಮುಂದಿನ ತಿಂಗಳು ಬಾಟಲಿಯ ಜಾಗದಲ್ಲಿ ನಿಜವಾದ ಸಾಮಾನು, ಪೂರ್ತಿ ತೂಕ, ಎರಡು ರಾತ್ರಿ. ಹತ್ತಿದ ಸಮಯವನ್ನೂ ಪೆಡಲಿನ ಸುತ್ತನ್ನೂ ಎಂದಿನಂತೆ ಬರೆದಿಟ್ಟುಕೊಳ್ಳಿ. ಹೊರಡುವ ತಾರೀಕನ್ನು ಆ ಅಂಕಿಗಳನ್ನು ಮುಂದಿಟ್ಟುಕೊಂಡು ಗೊತ್ತುಮಾಡಿ.

ಇಂತಿ,
ನಿಮ್ಮ ಪ್ರವಾಸ ಚೆನ್ನಾಗಿ ನಡೆಯಲೆಂದು ಬಯಸುವ ಒಬ್ಬ ಸೈಕಲ್ ಸವಾರ